ಏಳು ಗಂಟೆಯ ಹಸಿವಿಗೆ ಊಟವನ್ನೇ ಕೊಡಿ

ಪ್ರಶ್ನೆ: ನಮ್ಮ ಮನೆ ಶಿವಮೊಗ್ಗದ ಗೋಪಾಳದಲ್ಲಿ. ನಾನು ಭದ್ರಾವತಿಗೆ ಕೆಲಸಕ್ಕೆ ಹೋಗಿ ಬರುತ್ತೇನೆ. ಯಜಮಾನರಿಗೆ ಮಾಚೇನಹಳ್ಳಿಯ ಫ್ಯಾಕ್ಟರಿಯಲ್ಲಿ ಶಿಫ್ಟ್ ಕೆಲಸ. ಮಗಳಿಗೆ ಐದು ವರ್ಷ, ಮಗನಿಗೆ ಎರಡೂವರೆ. ಬಸ್ಸಿಳಿದು ಮಕ್ಕಳನ್ನು ಡೇ ಕೇರ್‌ನಿಂದ ಕರೆದುಕೊಂಡು ಮನೆ ಸೇರುವಾಗ ಆರೂಮುಕ್ಕಾಲು. ಒಳಗೆ ಕಾಲಿಟ್ಟ ಕೂಡಲೇ ಇಬ್ಬರದೂ ಹಸಿವು ಅಂತ ಅಳು. ಹಾಲು, ಬಿಸ್ಕೆಟ್ ಕೊಟ್ಟು ಅಡುಗೆಗೆ ನಿಲ್ಲುತ್ತೇನೆ. ಅನ್ನ, ಸಾರು, ಪಲ್ಯ, ಚಪಾತಿ ಮುಗಿಯುವಾಗ ಒಂಬತ್ತು. ಅಷ್ಟರಲ್ಲಿ ಮಗ ತೂಕಡಿಸುತ್ತಿರುತ್ತಾನೆ, ಮಗಳು ನಾಲ್ಕು ತುತ್ತಿಗೆ ಸಾಕು ಅನ್ನುತ್ತಾಳೆ. ಮೊಬೈಲ್ ಹಿಡಿದು ತಿನ್ನಿಸುತ್ತೇನೆ. ಮಲಗುವಾಗ ಹತ್ತೂವರೆ. ವಾರದಲ್ಲಿ ಎರಡು ದಿನ ನೂಡಲ್ಸ್ ಆಗಿಬಿಡುತ್ತದೆ. ಭಾನುವಾರವೇ ಮಾಡಿ ಫ್ರಿಜ್ಜಿನಲ್ಲಿ ಇಡೋಣ ಅಂದರೆ ತೀರ್ಥಹಳ್ಳಿಯಲ್ಲಿರುವ ಅತ್ತೆ, ತಂಗಳು ಅಂದರೆ ವಿಷ, ಮಕ್ಕಳಿಗೆ ಕೊಡಬೇಡ ಅನ್ನುತ್ತಾರೆ. ರಾತ್ರಿ ಮೊಸರು ಕೊಟ್ಟರೆ ಶೀತವಂತೆ. ಕುಕ್ಕರ್ ಅಡುಗೆಯಲ್ಲಿ ಸತ್ವವೇ ಉಳಿಯಲ್ಲ ಅಂತ ಆಫೀಸಿನಲ್ಲಿ ಒಬ್ಬರು ಹೇಳಿದರು. ಹಾಗಾದರೆ ಬೇಗ ಆಗುವಂಥ ಅಡುಗೆ ನಾನು ಏನು ಮಾಡಲಿ? ಪ್ರೋಟೀನ್ ಪುಡಿ ಶುರು ಮಾಡಬೇಕಾ? ನಾವು ಮೊಟ್ಟೆ ತಿನ್ನುತ್ತೇವೆ.

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನೀವು ಕೇಳಿರುವುದು ಬೇಗ ಆಗುವ ಅಡುಗೆ ಯಾವುದು ಅಂತ. ಆದರೆ ತೊಂದರೆ ಇರುವುದು ಅಡುಗೆಯಲ್ಲಲ್ಲ, ಗಡಿಯಾರದಲ್ಲಿ. ನಿಮ್ಮ ಮಕ್ಕಳಿಗೆ ಹಸಿವಾಗುವುದು ಏಳಕ್ಕೆ, ಊಟ ಬರುವುದು ಒಂಬತ್ತಕ್ಕೆ. ನಡುವೆ ಬಿಸ್ಕೆಟ್ಟು ಬಂದು ಊಟದ ಜಾಗವನ್ನು ತುಂಬುತ್ತದೆ.

ಒಂದು ಲೆಕ್ಕ ನೋಡಿ. ಸಕ್ಕರೆ ಹಾಕಿದ ಒಂದು ಲೋಟ ಹಾಲು, ನಾಲ್ಕು ಗ್ಲೂಕೋಸ್ ಬಿಸ್ಕೆಟ್ ಅಂದರೆ ಹತ್ತಿರ ಹತ್ತಿರ 250 ಕ್ಯಾಲೊರಿ. ನಾಲ್ಕರಿಂದ ಆರು ವರ್ಷದ ಮಗುವಿಗೆ ಇಡೀ ದಿನಕ್ಕೆ ಬೇಕಾಗುವುದು ಸುಮಾರು 1360 ಕ್ಯಾಲೊರಿ ಅಂತ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ಕೊಟ್ಟ ಲೆಕ್ಕ. ಅದರಲ್ಲಿ ಕಾಲು ಭಾಗ ರಾತ್ರಿ ಊಟದ ಪಾಲು ಅಂದುಕೊಂಡರೂ 340. ಅಂದರೆ ನಿಮ್ಮ ಮಗಳು ಏಳು ಗಂಟೆಗೇ ಮುಕ್ಕಾಲು ಊಟ ಮುಗಿಸಿರುತ್ತಾಳೆ. ಒಂಬತ್ತಕ್ಕೆ ನಾಲ್ಕು ತುತ್ತು ತಿಂದು ಸಾಕು ಅನ್ನುವುದು ಹಠ ಅಲ್ಲ, ಅವಳ ಹೊಟ್ಟೆ ಸರಿಯಾಗೇ ಲೆಕ್ಕ ಹೇಳುತ್ತಿದೆ. ಮಗನ ವಿಷಯದಲ್ಲಿ ನಿದ್ದೆಯೂ ಸೇರಿಕೊಂಡಿದೆ. ಮೂರರಿಂದ ಐದು ವರ್ಷದ ಮಕ್ಕಳಿಗೆ ಹಗಲಿನ ನಿದ್ದೆಯೂ ಸೇರಿ 10ರಿಂದ 13 ಗಂಟೆ ನಿದ್ದೆ ಬೇಕು, ಅದಕ್ಕಿಂತ ಚಿಕ್ಕವರಿಗೆ ಇನ್ನೂ ಒಂದು ಗಂಟೆ ಜಾಸ್ತಿ. ಹತ್ತೂವರೆಗೆ ಮಲಗಿ ಬೆಳಗ್ಗೆ ಶಾಲೆಗೆ, ಡೇ ಕೇರ್‌ಗೆ ಏಳಬೇಕಾದ ಮಕ್ಕಳಿಗೆ ಇದು ಹೊಂದುವುದೇ ಇಲ್ಲ. ನಿದ್ದೆಗಣ್ಣಿನ ಮಗುವಿಗೆ ಮೃಷ್ಟಾನ್ನ ಇಟ್ಟರೂ ಅಷ್ಟೆ.

ಹಾಗಾಗಿ ನನ್ನ ಸಲಹೆ ಒಂದೇ. ಏಳು ಗಂಟೆಯ ಹಸಿವಿಗೆ ತಿಂಡಿ ಕೊಡಬೇಡಿ, ಊಟವನ್ನೇ ಕೊಡಿ. ಮಕ್ಕಳ ತಟ್ಟೆ ಏಳೂಕಾಲು, ಏಳೂವರೆಗೆ ಬೀಳಲಿ. ದೊಡ್ಡವರ ಊಟ ಒಂಬತ್ತಕ್ಕೇ ಆಗಲಿ, ಅದಕ್ಕೇನೂ ಅಡ್ಡಿಯಿಲ್ಲ.

ಅದು ಆಗಬೇಕಾದರೆ ಮೊದಲು ಬಿಡಬೇಕಾದ್ದು ಒಂದಿದೆ. ವಾರದ ದಿನ ರಾತ್ರಿ ಅನ್ನ, ಸಾರು, ಪಲ್ಯ, ಚಪಾತಿ ಎಲ್ಲವೂ ಇರಲೇಬೇಕು ಅನ್ನುವ ನಿಯಮ. ಅದನ್ನು ಯಾರು ಮಾಡಿದರೋ ಗೊತ್ತಿಲ್ಲ, ಅವರು ಐದೂವರೆಯ ಭದ್ರಾವತಿ ಬಸ್ಸಿನಲ್ಲಿ ನಿಂತುಕೊಂಡು ಬಂದವರಂತೂ ಅಲ್ಲ. ಒಂದು ಅನ್ನ ಅಥವಾ ದೋಸೆ, ಜೊತೆಗೆ ಒಂದು ಬೇಳೆ ಅಥವಾ ಮೊಟ್ಟೆ, ಒಂದಿಷ್ಟು ತರಕಾರಿ ಅಥವಾ ಸೊಪ್ಪು. ಮೂರೂ ಒಂದೇ ಪಾತ್ರೆಯಲ್ಲಿ ಬಂದರೂ ಅದು ಪೂರ್ತಿ ಊಟವೇ.

ಇನ್ನು ನೀವು ಕೇಳಿದ ನಂಬಿಕೆಗಳಿಗೆ ಬರೋಣ. ಅತ್ತೆಯ ಮಾತಿನಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಅದರಲ್ಲಿ ಅರ್ಧ ನಿಜ ಇದೆ.

ಅನ್ನದಲ್ಲಿ ಬ್ಯಾಸಿಲಸ್ ಸೀರಿಯಸ್ ಅನ್ನುವ ಬ್ಯಾಕ್ಟೀರಿಯಾದ ಬೀಜಾಣುಗಳು ಇರುತ್ತವೆ. ಅಕ್ಕಿ ಕುದಿದರೂ ಅವು ಸಾಯುವುದಿಲ್ಲ. ಅನ್ನ ಉಗುರುಬೆಚ್ಚಗೆ ಕಟ್ಟೆ ಮೇಲೆ ಗಂಟೆಗಟ್ಟಲೆ ಕೂತಿತೆಂದರೆ ಅವು ಮೊಳೆತು ಬೆಳೆಯುತ್ತವೆ, ವಾಂತಿ ತರಿಸುವ ನಂಜನ್ನು ಬಿಡುತ್ತವೆ. ಆಮೇಲೆ ಎಷ್ಟು ಬಿಸಿ ಮಾಡಿದರೂ ಆ ನಂಜು ಹೋಗುವುದಿಲ್ಲ. ಅಂದರೆ ಅತ್ತೆ ಹೆದರುವುದು ಸುಮ್ನೆ ಅಲ್ಲ. ಆದರೆ ಕೆಡಿಸುವುದು ಫ್ರಿಜ್ಜಲ್ಲ, ಫ್ರಿಜ್ಜಿಗೆ ಹೋಗುವ ಮುಂಚೆ ಹೊರಗೆ ಕೂತ ಹೊತ್ತು. ಅನ್ನವನ್ನು ಒಂದು ಗಂಟೆಯೊಳಗೆ ಆರಿಸಿ ಒಳಗಿಟ್ಟರೆ ಮಾರನೆಯ ದಿನಕ್ಕೆ ಬಳಸಬಹುದು. ಅದಕ್ಕಿಂತ ಜಾಸ್ತಿ ಇಡಬೇಡಿ. ಆರಿಸುವುದು ಅಂದರೆ ಕುಕ್ಕರ್ ಪಾತ್ರೆಯಲ್ಲೇ ಮುಚ್ಚಳ ತೆಗೆದಿಡುವುದಲ್ಲ. ಆಳದ ಪಾತ್ರೆಯಲ್ಲಿ ನಡುವಿನ ಅನ್ನ ಬಹಳ ಹೊತ್ತು ಬಿಸಿಯಾಗೇ ಇರುತ್ತದೆ. ಅಗಲವಾದ ತಟ್ಟೆಗೆ ಹರಡಿ, ಫ್ಯಾನಿನ ಕೆಳಗಿಡಿ. ಹಬೆ ನಿಂತ ಕೂಡಲೇ ಡಬ್ಬಿಗೆ ಹಾಕಿ ಒಳಗಿಡಿ. ಪೂರ್ತಿ ತಣ್ಣಗಾಗುವವರೆಗೆ ಕಾಯಬೇಕು ಅನ್ನುವುದು ಹಳೆಯ ಮಾತು. ಕಾಯುತ್ತಾ ಕೂತಾಗಲೇ ಎಡವಟ್ಟಾಗುವುದು.

ಬೇಳೆ, ಸಾರಿನ ಕತೆ ಸ್ವಲ್ಪ ಬೇರೆ. ಬೇಯಿಸಿದ ಬೇಳೆಯನ್ನು ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಇಟ್ಟರೆ ಮೂರು ದಿನ ಚೆನ್ನಾಗಿರುತ್ತದೆ. ಆದರೆ ಕಾಯಿ ರುಬ್ಬಿ ಹಾಕಿದ ಹುಳಿ, ಗೊಜ್ಜು ಬೇಗ ಕೆಡುತ್ತದೆ. ಇದು ನಿಮ್ಮ ಅತ್ತೆಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ, ಕೇಳಿ ನೋಡಿ. ನಮ್ಮ ಕಡೆ ಬೆಳಗಿನ ಸಾರನ್ನು ಕುದಿಸಿ ಮುಚ್ಚಿಟ್ಟು ರಾತ್ರಿಗೆ ಮತ್ತೆ ಕುದಿಸುವ ರೂಢಿ ಇದೆ. ಹಗಲಿಡೀ ಮನೆಯಲ್ಲಿ ಒಬ್ಬರಿದ್ದು ಮಧ್ಯಾಹ್ನ ಇನ್ನೊಂದು ಸಲ ಕುದಿಸುತ್ತಿದ್ದ ಕಾಲದ ರೂಢಿ ಅದು. ಬೆಳಗ್ಗೆ ಎಂಟಕ್ಕೆ ಬೀಗ ಹಾಕಿ ರಾತ್ರಿ ಏಳಕ್ಕೆ ತೆಗೆಯುವ ಮನೆಗೆ ಹೊಂದುವುದಿಲ್ಲ. ಬೇಸಿಗೆಯಲ್ಲಂತೂ ಬೇಡವೇ ಬೇಡ. ಹೊರಡುವ ಮುಂಚೆ ಸಾರಿನ ಪಾತ್ರೆಯನ್ನು ತಣ್ಣೀರಿನ ಬೋಗುಣಿಯಲ್ಲಿ ಹತ್ತು ನಿಮಿಷ ಇಟ್ಟು ಫ್ರಿಜ್ಜಿಗೆ ಸೇರಿಸಿ.

ಮಲೆನಾಡಿನಲ್ಲಿ ಫ್ರಿಜ್ ಅಂದ ಮೇಲೆ ಕರೆಂಟಿನ ಮಾತೂ ಬರಲೇಬೇಕು. ಜೂನ್ ಮಳೆ ಹಿಡಿದರೆ ಶಿವಮೊಗ್ಗ ಪೇಟೆಯಲ್ಲೇ ಕರೆಂಟು ಹೋಗಿ ಬಂದು ಮಾಡುತ್ತದೆ. ತೀರ್ಥಹಳ್ಳಿ, ಹೊಸನಗರ, ಆಗುಂಬೆ ಕಡೆ ಮರ ಬಿದ್ದು ಲೈನ್ ಕಡಿದರೆ ಕೇಳುವುದೇ ಬೇಡ. ಬಾಗಿಲು ತೆಗೆಯದೆ ಇದ್ದರೆ ಫ್ರಿಜ್ಜಿನ ಒಳಗಿನ ತಂಪು ಸುಮಾರು ನಾಲ್ಕು ಗಂಟೆ ನಿಲ್ಲುತ್ತದೆ, ಅದಕ್ಕಿಂತ ಜಾಸ್ತಿ ನಂಬಬೇಡಿ. ನೀವು ಆಫೀಸಿನಲ್ಲಿದ್ದಾಗ ಎಷ್ಟು ಹೊತ್ತು ಕರೆಂಟಿರಲಿಲ್ಲ ಅಂತ ಗೊತ್ತಾಗುವುದು ಹೇಗೆ? ಒಂದು ಸಣ್ಣ ಸ್ಟೀಲ್ ಲೋಟದಲ್ಲಿ ನೀರು ತುಂಬಿ ಫ್ರೀಜರಿನಲ್ಲಿಡಿ. ಗಟ್ಟಿಯಾದ ಮೇಲೆ ಮೇಲೊಂದು ರೂಪಾಯಿ ನಾಣ್ಯ ಇಡಿ. ಸಂಜೆ ಬಂದು ನೋಡಿದಾಗ ನಾಣ್ಯ ಮೇಲೇ ಇದ್ದರೆ ಸರಿ. ಮಂಜಿನೊಳಗೆ ಇಳಿದು ಸಿಕ್ಕಿಕೊಂಡಿದ್ದರೆ ಫ್ರೀಜರೇ ಕರಗಿ ಮತ್ತೆ ಗಟ್ಟಿಯಾಗಿದೆ ಅಂತ ಅರ್ಥ, ಕೆಳಗಿನ ಅರೆಯಲ್ಲಿದ್ದ ಅನ್ನ, ಸಾರು ಮಕ್ಕಳಿಗೆ ಬೇಡ. ಮಳೆಗಾಲದ ಎರಡು ಮೂರು ತಿಂಗಳು ಭಾನುವಾರದ ತಯಾರಿಯನ್ನೇ ಕಡಿಮೆ ಮಾಡಿ. ಆಗಿನ ಊಟಕ್ಕೆ ಬೇರೆ ದಾರಿ ಇದೆ, ಹೇಳುತ್ತೇನೆ.

ಮೊಸರಿನಿಂದ ಶೀತ ಬರುವುದಿಲ್ಲ. ಶೀತ ಬರುವುದು ವೈರಸ್‌ನಿಂದ, ಡೇ ಕೇರ್‌ನಲ್ಲಿ ಒಂದು ಮಗುವಿಗೆ ಬಂದರೆ ಹತ್ತಕ್ಕೂ ಬರುತ್ತದೆ. ಮನೆಗೆ ಬಂದ ಕೂಡಲೇ ಮೊಸರನ್ನು ಹೊರಗಿಟ್ಟರೆ ಊಟದ ಹೊತ್ತಿಗೆ ಚಳಿ ಬಿಟ್ಟಿರುತ್ತದೆ. ಅಷ್ಟಕ್ಕೂ ಅತ್ತೆಗೆ ಸಮಾಧಾನ ಆಗದಿದ್ದರೆ ಅವರು ಬಂದಿರುವ ದಿನಗಳಲ್ಲಿ ಮೊಸರನ್ನು ಮಧ್ಯಾಹ್ನಕ್ಕೆ ಹಾಕಿ. ಒಂದು ಬಟ್ಟಲು ಮೊಸರಿಗೆ ಮನೆಯಲ್ಲಿ ಜಗಳ ಬೇಡ.

ಕುಕ್ಕರ್ ಬಗ್ಗೆ ನಿಮ್ಮ ಆಫೀಸಿನವರು ಹೇಳಿದ್ದು ಸರಿಯಲ್ಲ. ಒಳಗೆ ಬಿಸಿ ಸುಮಾರು 120 ಡಿಗ್ರಿಗೆ ಹೋಗುತ್ತದೆ, ನಿಜ. ಆದರೆ ಬೇಯುವ ಹೊತ್ತು ಕಡಿಮೆ, ನೀರು ಚೆಲ್ಲುವುದಿಲ್ಲ. ತೆರೆದ ಪಾತ್ರೆಯಲ್ಲಿ ಅನ್ನ ಮಾಡಿ ಗಂಜಿ ಬಸಿದು ಚೆಲ್ಲಿದರೆ ಅದರ ಜೊತೆ ಹೋಗುವ ಬಿ ವಿಟಮಿನ್ನೇ ಜಾಸ್ತಿ. ಧೈರ್ಯವಾಗಿ ಕುಕ್ಕರ್ ಇಡಿ.

ಈಗ ಆ ಸಂಜೆಯನ್ನೇ ಹಿಡಿಯೋಣ.

ಬೆಳಗ್ಗೆ ಹೊರಡುವ ಮುಂಚೆ ಒಂದು ಕುಕ್ಕರ್ ಪಾತ್ರೆಯಲ್ಲಿ ಅಕ್ಕಿ, ಇನ್ನೊಂದರಲ್ಲಿ ಹೆಸರುಬೇಳೆ ಅಳೆದು ಒಣಗಿದ್ದನ್ನೇ ಮುಚ್ಚಿಡಿ. ಸಂಜೆ ಬಂದು ಚಪ್ಪಲಿ ಬಿಟ್ಟ ಮೇಲೆ ಮೊದಲ ಕೆಲಸ ಅವೆರಡನ್ನೂ ತೊಳೆದು ನೀರು ಹಾಕಿ ಕುಕ್ಕರಿಗೆ ಇಳಿಸುವುದು. ಬೇಳೆಗೆ ಚಿಟಿಕೆ ಅರಿಸಿನ, ಒಂದು ಹನಿ ಎಣ್ಣೆ, ಹೆಚ್ಚಿದ ಒಂದು ಕ್ಯಾರೆಟ್ ಅಥವಾ ಸಿಹಿಗುಂಬಳದ ಹೋಳು. ಸ್ಟವ್ ಹಚ್ಚಿ ಆಮೇಲೆ ಮಕ್ಕಳ ಕೈಕಾಲು ತೊಳೆಸಿ. ಮೂರು ಕೂಗು ಆಗಲು ಹತ್ತು ಹನ್ನೆರಡು ನಿಮಿಷ, ಗಾಳಿ ಇಳಿಯಲು ಇನ್ನೊಂದು ಎಂಟು. ಆ ಹೊತ್ತಿನಲ್ಲಿ ಅಳುವ ಮಕ್ಕಳಿಗೆ ಏನು ಕೊಡುವುದು? ಇಲ್ಲಿಯೇ ಬಿಸ್ಕೆಟ್ ಡಬ್ಬಿ ಕೈಗೆ ಬರುವುದು. ಅದರ ಬದಲು ಆ ದಿನದ ತರಕಾರಿಯನ್ನೇ ಕೈಗೆ ಕೊಡಿ. ಸೌತೆಕಾಯಿ ಹೋಳು, ಟೊಮೆಟೊ, ಬೆಳಗ್ಗೆಯೇ ಬೇಯಿಸಿ ಫ್ರಿಜ್ಜಿನಲ್ಲಿಟ್ಟ ಬೀಟ್‌ರೂಟ್ ತುಂಡು. ಹಸಿದ ಮಗು ಎದುರಿಗಿದ್ದದ್ದನ್ನು ತಿನ್ನುತ್ತದೆ. ತಟ್ಟೆಯ ಮೂಲೆಯಲ್ಲಿ ತಳ್ಳಿಸಿಕೊಳ್ಳುವ ಪಲ್ಯ ಆ ಹದಿನೈದು ನಿಮಿಷದಲ್ಲಿ ಯಾರ ಗಲಾಟೆಯೂ ಇಲ್ಲದೆ ಖಾಲಿಯಾಗುವುದನ್ನು ನಾನು ಎಷ್ಟೋ ಮನೆಗಳಲ್ಲಿ ಕೇಳಿದ್ದೇನೆ. ಹಾಲನ್ನು ಊಟದ ನಂತರಕ್ಕೆ ಇಡಿ. ಮಗನಿಗೆ ಹಸಿ ಕ್ಯಾರೆಟ್ ತುಂಡು ಕೊಡಬೇಡಿ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ತುರಿದು ಕೊಡಿ.

ಮುಚ್ಚಳ ತೆಗೆದು ಬೇಳೆಯನ್ನು ಸೌಟಿನ ಹಿಂಬದಿಯಿಂದ ಮಸೆಯಿರಿ. ತುಪ್ಪದಲ್ಲಿ ಜೀರಿಗೆ, ಇಂಗು, ಕರಿಬೇವು, ಒಂಚೂರು ತುರಿದ ಶುಂಠಿ ಒಗ್ಗರಣೆ. ಉಪ್ಪು, ಇಳಿಸಿದ ಮೇಲೆ ನಿಂಬೆಹುಳಿ. ತೊವ್ವೆ ಆಯಿತು. ಮಕ್ಕಳಿಗೆ ಬಡಿಸಿದ ಮೇಲೆ ಉಳಿದದ್ದಕ್ಕೆ ಹಸಿಮೆಣಸು ಹಾಕಿ ಇನ್ನೊಂದು ಕುದಿ ಕುದಿಸಿದರೆ ಅದೇ ದೊಡ್ಡವರ ಸಾರು. ಮಕ್ಕಳಿಗೆ ಬೇರೆ, ನಮಗೆ ಬೇರೆ ಅಂತ ಎರಡು ಅಡುಗೆ ಮಾಡುವ ತಾಯಂದಿರು ನನ್ನಲ್ಲಿಗೆ ಬಹಳ ಜನ ಬರುತ್ತಾರೆ. ಅದು ಬೇಕಿಲ್ಲ. ಖಾರ ಕೊನೆಗೆ ಹಾಕುವ ಅಭ್ಯಾಸ ಮಾಡಿಕೊಂಡರೆ ಸಾಕು.

ದಿನಾ ತೊವ್ವೆ ಆದರೆ ಬೇಜಾರು, ಅಲ್ವಾ? ಭಾನುವಾರ ತೊಗರಿಬೇಳೆಯನ್ನು ಎರಡು ಟೊಮೆಟೊ ಜೊತೆ ಮೆತ್ತಗೆ ಬೇಯಿಸಿ, ಉಪ್ಪು, ಕಾಯಿ, ಒಗ್ಗರಣೆ ಏನೂ ಹಾಕದೆ ಮೂರು ಸಣ್ಣ ಡಬ್ಬಿಗೆ ಹಾಕಿಡಿ. ದೊಡ್ಡ ಡಬ್ಬಿ ಬೇಡ, ದಿನಾ ತೆಗೆದು ಹಾಕಿ ಮಾಡಿದರೆ ಎಲ್ಲವೂ ಕೆಡುತ್ತದೆ. ಸೋಮವಾರ ಒಂದು ಡಬ್ಬಿಗೆ ಸಾರಿನ ಪುಡಿ ಹಾಕಿ ಕುದಿಸಿದರೆ ತಿಳಿಸಾರು. ಮಂಗಳವಾರ ಹರಿವೆ ಸೊಪ್ಪು ಹೆಚ್ಚಿ ಹಾಕಿ, ಅದು ಆರೇಳು ನಿಮಿಷಕ್ಕೆ ಬೇಯುತ್ತದೆ. ಬುಧವಾರ ಉಳಿದ ಡಬ್ಬಿಗೆ ನುಗ್ಗೆಸೊಪ್ಪೋ ಮೂಲಂಗಿಯೋ. ಪ್ರತಿ ಸಲ ಬಳಸುವಾಗ ಗುಳ್ಳೆ ಬಂದು ಕುದಿಯಬೇಕು. ಬರೀ ಬೆಚ್ಚಗೆ ಮಾಡಿ ಇಳಿಸಬಾರದು. ಗುರುವಾರಕ್ಕೆ ಅದನ್ನು ಎಳೆಯಬೇಡಿ. ನೆನೆಸಿ ಬೇಯಿಸಿದ ಕಡಲೆ, ಅಲಸಂದೆ, ಹೆಸರುಕಾಳು ಫ್ರೀಜರಿನಲ್ಲಿ ಒಂದು ತಿಂಗಳು ಇರುತ್ತವೆ, ಬೇಕಾದಾಗ ಹಿಡಿ ತೆಗೆದು ಸಾರಿಗೋ ಉಸಲಿಗೋ ಹಾಕಬಹುದು. ಮಗನಿಗೆ ಕಾಳನ್ನು ಹಿಚುಕಿಯೇ ಕೊಡಿ. ಅವಲಕ್ಕಿಗೆ, ಚಿತ್ರಾನ್ನಕ್ಕೆ ಹಾಕುವ ಇಡೀ ಶೇಂಗಾವೂ ಅವನ ವಯಸ್ಸಿಗೆ ಅಪಾಯ, ಕುಟ್ಟಿ ಹಾಕಿ.

ಭಾನುವಾರದ ತಯಾರಿಗೆ ಇನ್ನೊಂದು ತೊಂದರೆ ಇದೆ, ಅದನ್ನು ಯಾರೂ ಹೇಳುವುದಿಲ್ಲ. ಇರುವ ಒಂದೇ ರಜೆಯ ದಿನ ಅಡುಗೆಮನೆಯಲ್ಲಿ ಕಳೆದು ಹೋಗುತ್ತದೆ. ಏಳು ಬಗೆ ಮಾಡಿ ಹೆಸರು ಬರೆದು ಸಾಲಾಗಿ ಡಬ್ಬಿ ಜೋಡಿಸುವ ವಿಡಿಯೋ ನೋಡಿ ಶುರು ಮಾಡಿದವರು ಮೂರನೇ ವಾರಕ್ಕೆ ಕೈಬಿಡುತ್ತಾರೆ. ಒಂದು ಬೇಳೆ, ಒಂದು ಕಾಳು, ತುರಿದ ಕಾಯಿ, ಬಿಡಿಸಿದ ಸೊಪ್ಪು. ಒಂದು ಗಂಟೆಗೆ ಮುಗಿಯುವಷ್ಟು ಮಾತ್ರ ಇಟ್ಟುಕೊಳ್ಳಿ.

ಮಳೆಗಾಲದ ದಾರಿ ಹೇಳುತ್ತೇನೆ ಅಂದಿದ್ದೆ. ಫ್ರಿಜ್ಜೇ ಇಲ್ಲದ ಕಾಲದಲ್ಲಿ ಮಲೆನಾಡಿನವರು ಮಳೆಗಾಲ ಕಳೆದದ್ದು ಒಣಗಿಸಿದ್ದು, ಹುರಿದದ್ದು, ಪುಡಿ ಮಾಡಿದ್ದರಿಂದಲೇ. ಬೇಗ ಆಗುವ ಊಟಕ್ಕೆ ನಿಮಗೆ ಬೇಕಾದ ಸಾಮಾನೆಲ್ಲ ತೀರ್ಥಹಳ್ಳಿಯಲ್ಲಿ ಅತ್ತೆಯ ಬಳಿಯೇ ಇದೆ. ಸಾರಿನ ಪುಡಿ, ಚಟ್ನಿಪುಡಿ, ಹಲಸಿನ ಹಪ್ಪಳ. ಎಲ್ಲಕ್ಕಿಂತ ಮೆಂತೆ ಹಿಟ್ಟು. ಬೇಳೆ, ಅಕ್ಕಿ, ಮೆಂತೆ ಹುರಿದು ಪುಡಿ ಮಾಡಿದ ಆ ಹಿಟ್ಟನ್ನು ಮೊಸರಿಗೋ ಮಜ್ಜಿಗೆಗೋ ಕಲಸಿ ಒಗ್ಗರಣೆ ಕೊಟ್ಟರೆ ಬಿಸಿ ಅನ್ನಕ್ಕೆ ಐದು ನಿಮಿಷದ ಗೊಜ್ಜು. ತಂಗಳು ಬೇಡ ಅನ್ನುವ ಅತ್ತೆಯನ್ನೇ, ಹಾಗಾದರೆ ಮಕ್ಕಳಿಗೆ ಹೊಸದಾಗಿ ಮಾಡಿ ಹಾಕಲು ಇವನ್ನೆಲ್ಲ ಕಳಿಸಿಕೊಡಿ ಅಂತ ಕೇಳಿ. ಬೇಡ ಅನ್ನಲಾರರು.

ತಂಬುಳಿಯೂ ಹಾಗೇ. ದೊಡ್ಡಪತ್ರೆ ಕುಂಡದಲ್ಲೂ ಬದುಕುವ ಗಿಡ, ಗೋಪಾಳದ ಬಾಲ್ಕನಿಗೂ ಸಾಕು. ಆರೇಳು ಎಲೆ, ಅರ್ಧ ಚಮಚ ಜೀರಿಗೆ ತುಪ್ಪದಲ್ಲಿ ಬಾಡಿಸಿ. ಎಲೆ ಕುಗ್ಗಿ ಬಣ್ಣ ಮಾಸಿದ ಕೂಡಲೇ ಇಳಿಸಿ, ಹಸಿ ವಾಸನೆ ಉಳಿದರೆ ಮಕ್ಕಳು ಮೂಗು ಮುರಿಯುತ್ತಾರೆ. ಎರಡು ಚಮಚ ಕಾಯಿತುರಿ ಜೊತೆ ನುಣ್ಣಗೆ ರುಬ್ಬಿ ಮಜ್ಜಿಗೆಗೆ ಬೆರೆಸಿ ಉಪ್ಪು ಹಾಕಿ. ಮಕ್ಕಳ ಪಾಲಿಗೆ ಮೆಣಸಿನಕಾಳು ಹಾಕಬೇಡಿ. ಜೊತೆಗೊಂದು ಮೊಟ್ಟೆ ಬೇಯಿಸಿದರೆ ಊಟ ಸಿದ್ಧ. ತಂಬುಳಿ ಒಂದರಿಂದಲೇ ಹೊಟ್ಟೆ ತುಂಬುತ್ತದೆ, ಪ್ರೋಟೀನ್ ಅಷ್ಟಾಗಿ ಸಿಗುವುದಿಲ್ಲ, ಅದಕ್ಕೇ ಮೊಟ್ಟೆ.

ನೀರುದೋಸೆಗೆ ಹುದುಗು ಬೇಡ, ಹಾಗಾಗಿ ವಾರದ ದಿನಕ್ಕೆ ಒಳ್ಳೆಯದೇ. ಬೆಳಗ್ಗೆ ನೆನೆಹಾಕಿದ ಅಕ್ಕಿಯನ್ನು ಫ್ರಿಜ್ಜಿನಲ್ಲಿಟ್ಟು ಸಂಜೆ ರುಬ್ಬಿದರಾಯಿತು. ಬರೀ ಅಕ್ಕಿ ಆದ್ದರಿಂದ ಜೊತೆಗೆ ಮೊಟ್ಟೆಯೋ ಕಾಳಿನ ಸಾರೋ ಇರಲಿ. ಹೆಸರುಕಾಳು ನೆನೆಸಿ ರುಬ್ಬಿದ ದೋಸೆಯಾದರೆ ಆ ಚಿಂತೆಯೂ ಇಲ್ಲ. ಅಕ್ಕಿರೊಟ್ಟಿ, ಕಡುಬು, ಒತ್ತು ಶ್ಯಾವಿಗೆ ಇವೆಲ್ಲ ಭಾನುವಾರಕ್ಕೆ ಇರಲಿ. ಹಿಟ್ಟು ಉಕ್ಕರಿಸಿ ತಟ್ಟುತ್ತಾ ನಿಂತರೆ ಏಳೂವರೆ ಎಂಟೂವರೆ ಆಗುತ್ತದೆ.

ಹೊರಗಿನದನ್ನು ತರಬಹುದಾ ಅಂತ ನೀವು ಕೇಳಿಲ್ಲ, ಆದರೆ ಕೇಳಲು ಸಂಕೋಚ ಪಟ್ಟಿರಬಹುದು. ತನ್ನಿ, ತಪ್ಪೇನಿಲ್ಲ. ದೋಸೆ ಹಿಟ್ಟಿನ ಪ್ಯಾಕೆಟ್ ಫ್ರಿಜ್ಜಿನಲ್ಲಿಟ್ಟು ಮಾರುವ ಅಂಗಡಿಯಿಂದ ತನ್ನಿ, ತಾರೀಖು ನೋಡಿ. ಮೆಸ್‌ನಿಂದ ಚಪಾತಿ ತಂದು ಮನೆಯ ತೊವ್ವೆ ಜೊತೆ ಕೊಡಬಹುದು. ಶಿವಮೊಗ್ಗದಲ್ಲಿ ಖಡಕ್ ಜೋಳದ ರೊಟ್ಟಿ ಕಟ್ಟುಕಟ್ಟಾಗಿ ಸಿಗುತ್ತದೆ, ದಿನಗಟ್ಟಲೆ ಇಟ್ಟರೂ ಕೆಡುವುದಿಲ್ಲ. ಬಿಸಿ ಸಾರಿನಲ್ಲಿ ಮುರಿದು ನೆನೆಸಿದರೆ ಮಕ್ಕಳೂ ತಿನ್ನುತ್ತಾರೆ. ಹೋಟೆಲ್ ಸಾಂಬಾರು, ಗ್ರೇವಿಗಳಲ್ಲಿ ಉಪ್ಪು, ಎಣ್ಣೆ ಜಾಸ್ತಿ ಇರುತ್ತದೆ, ಅದನ್ನು ವಾರಕ್ಕೊಂದು ದಿನಕ್ಕೆ ನಿಲ್ಲಿಸಿ. ಬಿಸಿ ಸಾಂಬಾರನ್ನು ತೆಳು ಪ್ಲಾಸ್ಟಿಕ್ ಕವರಿಗೆ ಸುರಿಸಿಕೊಂಡು ಬರುವ ಬದಲು ಸ್ಟೀಲ್ ಕ್ಯಾರಿಯರ್ ಒಯ್ಯಿರಿ.

ನೂಡಲ್ಸ್ ವಿಷಯಕ್ಕೆ ನಾನು ಗದರುವುದಿಲ್ಲ. ಅದು ಮೈದಾ, ಹೆಚ್ಚಿನವು ಎಣ್ಣೆಯಲ್ಲಿ ಕರಿದು ಒಣಗಿಸಿದ್ದು, ಮಸಾಲೆಯಲ್ಲಿ ಉಪ್ಪು ಜಾಸ್ತಿ. ಪೊಟ್ಟಣದ ಹಿಂದೆ ಸೋಡಿಯಂ ಎಷ್ಟು ಮಿಲಿಗ್ರಾಂ ಅಂತ ಬರೆದಿರುತ್ತದೆ, ಅದನ್ನು 2.5ರಿಂದ ಗುಣಿಸಿದರೆ ಎಷ್ಟು ಉಪ್ಪು ಅಂತ ತಿಳಿಯುತ್ತದೆ. ದೊಡ್ಡವರಿಗೇ ದಿನಕ್ಕೆ 5 ಗ್ರಾಂ ಉಪ್ಪು ಮೀರಬಾರದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ, ಮಕ್ಕಳಿಗೆ ಅದಕ್ಕಿಂತ ಕಡಿಮೆ. ವಾರಕ್ಕೆ ಎರಡು ದಿನವನ್ನು ಒಂದಕ್ಕೆ ಇಳಿಸಿ. ಆ ದಿನ ಮಸಾಲೆ ಪುಡಿ ಅರ್ಧ ಹಾಕಿ, ಒಂದು ಮೊಟ್ಟೆ ಒಡೆದು ಹಾಕಿ, ಹಿಡಿ ಬಟಾಣಿ ಸೇರಿಸಿ. ಉಳಿದ ದಿನ ಅದೇ ಹೊತ್ತಿನಲ್ಲಿ ಶ್ಯಾವಿಗೆ ಉಪ್ಪಿಟ್ಟು ಆಗುತ್ತದೆ.

ಇದೆಲ್ಲ ಮಾಡಿದ ಮೇಲೂ ಮಗಳು ತಟ್ಟೆ ತಳ್ಳಿದರೆ? ಕೆಲವು ದಿನ ತಳ್ಳುತ್ತಾಳೆ. ಎರಡರಿಂದ ಆರು ವರ್ಷದ ಮಕ್ಕಳು ಹೊಸ ರುಚಿಗೆ ಹೆದರುವುದು ಸಹಜ. ಒಂದು ಪದಾರ್ಥ ಒಪ್ಪಿಗೆಯಾಗಲು ಎಂಟು ಹತ್ತು ಸಲವಾದರೂ, ಕೆಲವೊಮ್ಮೆ ಹದಿನೈದು ಸಲವೂ ಅದನ್ನು ತಟ್ಟೆಯಲ್ಲಿ ಕಾಣಬೇಕಾಗುತ್ತದೆ. ಅಮೆರಿಕದ ಆಹಾರ ತಜ್ಞೆ ಎಲಿನ್ ಸ್ಯಾಟರ್ ಹಾಕಿಕೊಟ್ಟ ಒಂದು ಪಾಲುಪಟ್ಟಿ ಇದೆ. ಏನು ಊಟ, ಯಾವಾಗ, ಎಲ್ಲಿ ಅನ್ನುವುದು ದೊಡ್ಡವರಿಗೆ ಬಿಟ್ಟದ್ದು. ತಿನ್ನಬೇಕಾ, ಎಷ್ಟು ತಿನ್ನಬೇಕು ಅನ್ನುವುದು ಮಗುವಿಗೆ ಬಿಟ್ಟದ್ದು. ನನ್ನ ಕೆಲಸದಲ್ಲಿ ಇದಕ್ಕಿಂತ ಉಪಯೋಗಕ್ಕೆ ಬಂದ ಮಾತು ಬೇರೆ ಇಲ್ಲ. ತಟ್ಟೆಗೆ ಕಡಿಮೆ ಹಾಕಿ, ವರ್ಷಕ್ಕೆ ಒಂದು ದೊಡ್ಡ ಚಮಚದ ಲೆಕ್ಕದಲ್ಲಿ ಮಗನಿಗೆ ಎರಡೂವರೆ ಚಮಚ ತೊವ್ವೆ, ಮಗಳಿಗೆ ಐದು. ಬೇಕಾದರೆ ಕೇಳುತ್ತಾರೆ. ಅವಳಿಗೆ ಗೊತ್ತಿರುವ ಒಂದು ವಸ್ತು, ಮೊಸರನ್ನವೋ ಹಪ್ಪಳವೋ, ತಟ್ಟೆಯಲ್ಲಿ ಇರಲಿ. ಊಟ ಬೇಡ ಅಂದ ದಿನ ಒಂಬತ್ತು ಗಂಟೆಗೆ ಬಿಸ್ಕೆಟ್ ಬೇಡ, ಹಾಲೋ ಬಾಳೆಹಣ್ಣೋ ಸಾಕು. ಮೊದಲ ವಾರ ಇದು ನಿಮಗೆ ಕಷ್ಟ, ಅವಳಿಗೂ ಕಷ್ಟ.

ಮೊಬೈಲನ್ನು ಒಂದೇ ದಿನ ಕಿತ್ತುಕೊಳ್ಳಬೇಡಿ. ಏಳೂವರೆಯ ಹಸಿವಿನಲ್ಲಿ ಮೊದಲ ಐದು ನಿಮಿಷ ಮೊಬೈಲ್ ಬೇಕಾಗುವುದೇ ಇಲ್ಲ. ಆ ಐದು ನಿಮಿಷವನ್ನು ದಿನಾ ಸ್ವಲ್ಪ ಸ್ವಲ್ಪ ಎಳೆಯಿರಿ.

ಯಜಮಾನರ ಶಿಫ್ಟ್ ಬಗ್ಗೆ ಒಂದು ಮಾತು. ಬೆಳಗಿನ ಶಿಫ್ಟ್ ಇರುವ ವಾರ ಅವರು ಸಂಜೆ ಮನೆಯಲ್ಲೇ ಇರುತ್ತಾರಲ್ಲ, ಆರೂವರೆಗೆ ಕುಕ್ಕರ್ ಇಡುವುದು ಅವರ ಕೆಲಸ. ಬೆಳಗ್ಗೆ ಅಳೆದಿಟ್ಟ ಅಕ್ಕಿ, ಬೇಳೆ ತೊಳೆದು ಸ್ಟವ್ ಹಚ್ಚಲು ಅನುಭವ ಏನೂ ಬೇಡ. ರಾತ್ರಿ ತಡವಾಗಿ ಬರುವ ವಾರ ಅವರ ಪಾಲನ್ನು ಕಟ್ಟೆ ಮೇಲೆ ಮುಚ್ಚಿಡಬೇಡಿ. ಹಾಟ್ ಬಾಕ್ಸಿನಲ್ಲಿ ಎರಡು ಗಂಟೆ ಸರಿ, ಅದಕ್ಕಿಂತ ತಡವಾದರೆ ಫ್ರಿಜ್ಜು. ಬಂದವರು ತಾವೇ ಬಿಸಿ ಮಾಡಿಕೊಳ್ಳಲಿ.

ಕೊನೆಗೆ ಪ್ರೋಟೀನ್ ಪುಡಿ. ನಾಲ್ಕರಿಂದ ಆರು ವರ್ಷದ ಮಗುವಿಗೆ ದಿನಕ್ಕೆ ಬೇಕಾದ ಪ್ರೋಟೀನ್ ಸುಮಾರು 16 ಗ್ರಾಂ. ಒಂದು ಮೊಟ್ಟೆಯಲ್ಲಿ 6, ಒಂದು ಲೋಟ ಹಾಲಿನಲ್ಲಿ ಇನ್ನೊಂದು 6, ಒಂದು ಹಿಡಿ ಬೇಳೆಯಲ್ಲಿ ನಾಲ್ಕೈದು. ಅನ್ನದ್ದು ಲೆಕ್ಕಕ್ಕೇ ಹಿಡಿದಿಲ್ಲ, ಆಗಲೇ ಮುಗಿಯಿತು. ಪುಡಿಯಿಂದ ಸಿಗುವುದು ಹೆಚ್ಚಾಗಿ ಸಕ್ಕರೆ, ಚಾಕೊಲೇಟ್ ರುಚಿ ಮತ್ತು ನಿಮ್ಮ ಪರ್ಸಿಗೆ ತೂತು.

ನನಗೆ ಪ್ರೋಟೀನಿಗಿಂತ ಕಬ್ಬಿಣಾಂಶದ ಯೋಚನೆ ಜಾಸ್ತಿ. 2019ರಿಂದ 21ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 67 ಜನರಿಗೆ ರಕ್ತಹೀನತೆ ಕಂಡಿತ್ತು. ಹಾಲು, ಬಿಸ್ಕೆಟ್, ಮೊಸರನ್ನ, ನೂಡಲ್ಸ್ ಸುತ್ತಲೇ ತಿರುಗುವ ಮಕ್ಕಳಿಗೆ ಅದು ಸುಲಭವಾಗಿ ಬರುತ್ತದೆ. ಇದರಲ್ಲಿ ಯಾವುದರಲ್ಲೂ ಹೇಳಿಕೊಳ್ಳುವಷ್ಟು ಕಬ್ಬಿಣಾಂಶ ಇಲ್ಲ. ಹಾಲು ದಿನಕ್ಕೆ ಅರ್ಧ ಲೀಟರ್ ಮೀರದಿರಲಿ. ವಾರದಲ್ಲಿ ಮೂರು ನಾಲ್ಕು ದಿನ ಹರಿವೆಯೋ ನುಗ್ಗೆಸೊಪ್ಪೋ ಹುರುಳಿ ಸಾರೋ ಇರಲಿ, ಮೇಲೆ ನಿಂಬೆಹುಳಿ ಹಿಂಡಿ, ಹುಳಿ ಇದ್ದರೆ ಕಬ್ಬಿಣಾಂಶ ಮೈಗೆ ಹತ್ತುತ್ತದೆ. ಊಟದ ಜೊತೆ ಮಕ್ಕಳಿಗೆ ಕಾಫಿ, ಚಹಾ ಗುಟುಕು ಕೊಡುವ ಪ್ರೀತಿ ಅಜ್ಜಿ ಮನೆಯಲ್ಲೂ ಬೇಡ.

ಮಗ ಮಣ್ಣು, ಸುಣ್ಣ, ಸೀಮೆಸುಣ್ಣ ಬಾಯಿಗೆ ಹಾಕುತ್ತಾನಾ? ಇಬ್ಬರಲ್ಲಿ ಯಾರಿಗಾದರೂ ಕಣ್ಣಿನ ಕೆಳರೆಪ್ಪೆಯ ಒಳಗೆ ಬಿಳಿಚಿಕೊಂಡಿದೆಯಾ, ಆಟದಲ್ಲಿ ಬೇಗ ಸುಸ್ತಾಗುತ್ತಾರಾ? ತಾಯಿ ಕಾರ್ಡಿನ ತೂಕದ ಗೆರೆ ಹಲವು ತಿಂಗಳಿಂದ ಮೇಲೇರದೆ ನಿಂತಿದೆಯಾ? ನುಂಗುವಾಗ ಪದೇ ಪದೇ ಕೆಮ್ಮು ಬರುತ್ತದಾ? ಇವುಗಳಲ್ಲಿ ಒಂದಕ್ಕೆ ಹೌದು ಅನ್ನುವಂತಿದ್ದರೂ ಮಕ್ಕಳ ಡಾಕ್ಟರಿಗೆ ತೋರಿಸಿ. ರಕ್ತ ಪರೀಕ್ಷೆ ಬೇಕಾ, ಯಾವುದು ಬೇಕು ಅಂತ ಅವರು ಹೇಳುತ್ತಾರೆ. ಕಬ್ಬಿಣದ ಔಷಧಿ ಬೇಕಾದರೆ ತೂಕ ನೋಡಿ ಅವರೇ ಬರೆದುಕೊಡುತ್ತಾರೆ. ಮೆಡಿಕಲ್ ಶಾಪಿನಿಂದ ನೀವಾಗಿ ಟಾನಿಕ್ ತರಬೇಡಿ. ಡಾಕ್ಟರು ಬರೆದುಕೊಟ್ಟದ್ದನ್ನು ತಂದ ಮೇಲೆ ಬಾಟಲಿಯನ್ನು ಮಗನ ಕೈಗೆ ಸಿಗದಷ್ಟು ಮೇಲಿಡಿ, ಚಿಕ್ಕ ಮಕ್ಕಳಿಗೆ ಹೆಚ್ಚಾದ ಕಬ್ಬಿಣ ನಂಜಾಗುತ್ತದೆ.